ಮೂರನೆಯ ಚೀಲ

ಮಾರ್ಚ್ ೯, ಭಾನುವಾರ

ನನ್ನ ಮುದ್ದಿನ ಅಕ್ಕ,

ಮೂರನೆಯ ಚೀಲ ಸಿಕ್ಕಿಬಿಟ್ಟಿತು ಅಕ್ಕ, ಹುಡುಕಿದವಳು ನಾನೇ! ಕ್ಷೇಮ ಸಮಾಚಾರವೆಲ್ಲ ಆಮೇಲೆ. ಮದುವೆಯಾಗಿ ಏಳು ವಾರವಾದರೂ ಒಂದು ಕಾಗದವಿಲ್ಲ ಎಂದು ನೀನು ಹೊಲಿಗೆ ಮಷೀನಿನ ಮುಂದೆ ಮುಖ ಊದಿಸಿಕೊಂಡು ಕೂತಿರುತ್ತೀಯ, ಗೊತ್ತು. ತಪ್ಪಾಯಿತು. ನನ್ನದು ಕಾನ್ವೆಂಟ್ ಕನ್ನಡ, ಒತ್ತಕ್ಷರ ತಪ್ಪಿದ ಕಡೆ ನೀನೇ ಕತ್ತರಿ ಆಡಿಸಿಕೊ.

ಸಂಸಾರ ಚೆನ್ನಾಗಿದೆ. ಒಂದು ಕೋಣೆ, ಒಂದು ಕಿಟಕಿ, ಎರಡು ಕುರ್ಚಿ. ಲ್ಯಾಬಿನಲ್ಲೂ ನಮ್ಮಿಬ್ಬರದು ಅಕ್ಕಪಕ್ಕದ ಮೇಜು. ಮೊದಲ ದಿನದಿಂದಲೂ ಇವರು ಚಹಾ ಮಾಡಿದರೆ ನನ್ನ ಲೋಟಕ್ಕೇ ಮೊದಲು ಸುರಿಯುತ್ತಿದ್ದರು. ಅಟೆಂಡರ್ ಅಂತೂ, "ಹೊಸದಾಗಿ ಮದ್ವೆಯಾಗಿದೀರಿ, ಇನ್ನೂ ನೊಣದ ಸಂಸಾರದಲ್ಲೇ ಮೂಗು ತೂರಿಸ್ಕೊಂಡು ಕೂತಿದೀರಲ್ಲ ಮೇಡಂ" ಎಂದು ದಿನಾ ಕಾಲೆಳೆಯುತ್ತಾನೆ. ನಗುತ್ತೇನೆ. ಆದರೆ ಕತ್ತು ಮರಗಟ್ಟಿದೆ, ಕಣ್ಣು ಮುಚ್ಚಿದರೂ ನೊಣವೇ.

ವಿಷಯ ಇಷ್ಟು. ಹೆಣ್ಣು ನೊಣ ಒಮ್ಮೆ ಗಂಡಿನೊಡನೆ ಕೂಡಿದರೆ ವೀರ್ಯವನ್ನು ಹೊಟ್ಟೆಯೊಳಗಿನ ಪುಟ್ಟ ಚೀಲಗಳಲ್ಲಿ ಕೂಡಿಟ್ಟುಕೊಂಡು, ಮೊಟ್ಟೆಯಿಡುವಾಗ ಬೇಕಾದಷ್ಟೇ ತೆಗೆಯುತ್ತದೆ. ಹಳೆಯ ವಂಶಗಳಿಗೆ ಮೂರು ಚೀಲ, ಕೆಲವಕ್ಕೆ ಎರಡೇ. ನಮ್ಮ ಕೆರೆಬದಿಯ ಬೂದು ನೊಣಕ್ಕೆ ಎರಡೆಂದು ಇವರು ನಾಲ್ಕು ವರ್ಷ ಎಣಿಸಿದ್ದಾರೆ. ಅದು ಮೂರನೆಯದನ್ನು ಯಾವಾಗ, ಏಕೆ ಕಳೆದುಕೊಂಡಿತು ಎಂಬುದೇ ಇವರ ಪಿಎಚ್.ಡಿ. ಪ್ರಬಂಧ. ಮುಂದಿನ ತಿಂಗಳು ಒಪ್ಪಿಸಬೇಕು.

ನಾವೆಲ್ಲ ಮಾಡುವುದು ಹೀಗೆ: ನೊಣವನ್ನು ಉಪ್ಪುನೀರಿನಲ್ಲಿಟ್ಟು, ಚಿಮಟದಿಂದ ಹಿಂತುದಿ ಹಿಡಿದು ಎಳೆಯುವುದು. ಒಳಗಿನದೆಲ್ಲ ಜಾರಿ ಬರುತ್ತದೆ, ಉಳಿದ ಮೈ ಕಸಕ್ಕೆ. ಸೋಮವಾರ ಸುಸ್ತಿಗೆ ಚಿಮಟ ಜಾರುತ್ತಿತ್ತು, ಎಳೆಯಲು ಧೈರ್ಯವಾಗಲಿಲ್ಲ. ಹೊಲಿಗೆ ತಪ್ಪಿದಾಗ ನೀನು ಗದರುತ್ತಿದ್ದದ್ದು ನೆನಪಾಯಿತು: "ಎಳೀಬೇಡ್ವೇ, ಬಿಚ್ಚು." ಸೂಜಿಯಿಂದ ಪಕ್ಕೆಯ ಗೆರೆಯುದ್ದಕ್ಕೂ ಬಿಚ್ಚಿದೆ. ಎದೆಯ ಹತ್ತಿರ, ಎಳೆನೂಲಿಗಿಂತ ತೆಳ್ಳನೆಯ ನಾಳದ ತುದಿಯಲ್ಲಿ, ಕಪ್ಪಗೆ ಮೂರನೆಯದು ಕೂತಿತ್ತು. ನಾವು ಎಳೆದಾಗಲೆಲ್ಲ ನಾಳ ಹರಿದು ಅದು ಮೈಯಲ್ಲೇ ಉಳಿದುಬಿಡುತ್ತಿತ್ತು. ನಾಲ್ಕು ವರ್ಷ ಕಸದ ಬುಟ್ಟಿಗೆ ಹೋಗಿದೆ. ಯಾರಿಗೂ ಹೇಳದೆ ಇನ್ನೆರಡು ದಿನ ಕೂತು ಮತ್ತೆ ನಲವತ್ತು ಬಿಚ್ಚಿದೆ. ನಲವತ್ತರಲ್ಲೂ ಮೂರು.

ಬುಧವಾರ, ಉಡುಗೊರೆ ಕೊಡುವವಳ ಹಾಗೆ ಹಿಗ್ಗುತ್ತಾ ಇವರನ್ನು ಕರೆದು ತೋರಿಸಿದೆ. ಬಹಳ ಹೊತ್ತು ನೋಡಿದರು. "ಚೆನ್ನಾಗಿ ಬಿಚ್ಚಿದೀಯ" ಎಂದರು.

ಭಾವನಿಗೆ ನಮಸ್ಕಾರ. ಪುಟ್ಟಿಯ ಎರಡೂ ಕೆನ್ನೆಗೆ ಮುತ್ತು. ಅಲ್ಲಿಂದಲೇ ಒಮ್ಮೆ ನನ್ನ ತಲೆಯ ಮೇಲೆ ಕೈಯಿಡು ಅಕ್ಕ.

ನಿನ್ನ
ಚೋಟು

ತಾ.ಕ.: ಪೂರ್ತಿ ಬರೆಯಲಿಲ್ಲ. ಆ ಬುಧವಾರ ಸಂಜೆ ಮನೆಗೆ ಬಂದು ಇವರು, "ಆ ಸ್ಲೈಡುಗಳನ್ನ ತೊಳೆದುಬಿಡು. ಯಾರ ಹತ್ರಾನೂ ಬಾಯಿಬಿಡಬೇಡ. ನನ್ನ ಹೆಂಡ್ತಿ ತಾನೇ ನೀನು?" ಎಂದರು. ಕೂಗಾಡಲಿಲ್ಲ, ಕೂಗಾಡಿದ್ದರೆ ವಾಸಿಯಿತ್ತು. "ತೊಳೆಯಲ್ಲ" ಎಂದೆ. ನಾಲ್ಕು ದಿನದಿಂದ ಮಾತಿಲ್ಲ. ಚಹಾ ಒಂದೇ ಲೋಟ, ಅವರದು. ನಾಳೆ ಎಲ್ಲವನ್ನೂ ಗೈಡಿಗೆ ತೋರಿಸುತ್ತೇನೆಂದು ಮೊದಲು ಇವರಿಗೇ ಹೇಳಿದ್ದೇನೆ. ಜಗಳವಾಡುವಷ್ಟು ಶಕ್ತಿ ನನ್ನಲ್ಲಿಲ್ಲ ಅಕ್ಕ, ಒಂದು ವಾರ ನಿನ್ನ ಮಷೀನಿನ ಸದ್ದು ಕೇಳುತ್ತಾ ಮಲಗಬೇಕು. ಸ್ಟೇಷನ್ನಿನಲ್ಲಿ ನನ್ನ ಹಿಂದೆ ಇವರನ್ನು ಹುಡುಕಬೇಡ. ಗುರುವಾರ, ಬೆಳಗಿನ ಪ್ಯಾಸೆಂಜರ್.