ಅಮ್ಮ ಮುಂದೂಡಿದ ಪ್ರಮಾಣವಚನ

ಫೆಬ್ರವರಿ 13, 2024, ಮಂಗಳವಾರ

ಬೆಳಗಿನ ಟ್ರಿಪ್ ಮುಗಿಯಿತು. ಶಾಲೆ ಶುರುವಾಗಿ ವಾರವೂ ಆಗಿಲ್ಲ, ಆಗಲೇ ಬಸ್ಸಿನ ಹಿಂದಿನ ಸೀಟಿಗೆಲ್ಲ ಚ್ಯೂಯಿಂಗ್ ಗಮ್. ದರಿದ್ರ ಮಕ್ಕಳು. ಹತ್ತಕ್ಕೆ ಅಮ್ಮನ ಮನೆಯಲ್ಲಿ ಕಾಫಿ. ಕಪ್ಪಿಗೊಂದೇ ಬಿಸ್ಕತ್ತು, ಕೊಟ್ಟ ತಕ್ಷಣ ಡಬ್ಬಿ ಮುಚ್ಚುತ್ತಾಳೆ. ತೊಂಬತ್ತೊಂದಾದರೂ ಕೈ ಚುರುಕು.

ವಿಷಯ ತೆಗೆದೆ. "ಅಮ್ಮ, ಕಾನೂನು ಬದಲಾಗಿ ಹದಿನಾಲ್ಕು ವರ್ಷ ಆಯ್ತಂತೆ, ನಮಗೆ ಗೊತ್ತೇ ಇಲ್ಲ. ಈಗ ತಾಯಿ ಕಡೆಯಿಂದ್ಲೂ ಡಚ್ ಪೌರತ್ವ ಕೇಳ್ಬಹುದು. ನಾನು ಹುಟ್ಟಿದ ದಿನ ನೀನು ಡಚ್ ಆಗಿದ್ದಿರಬೇಕು, ಅಷ್ಟೇ."

"ಕೆದಕಬೇಡ ಲಿಡಾ. ಮಗು ಅಪ್ಪನದು. ಅವರೇ ಹೇಳಿದ್ರು."

"ಯಾರು ಹೇಳಿದ್ದು?"

"ಕಾಫಿ ಆರ್ತಿದೆ, ಕುಡಿ."

ಫೆ. 18, ಭಾನುವಾರ

ತಮ್ಮ ಕೆನ್ ಬಂದಿದ್ದ. ನನಗಿಂತ ಮೂರು ವರ್ಷ ಚಿಕ್ಕವನು, ಬಾಯಿ ಮಾತ್ರ ದೊಡ್ಡದು. "ಈ ವಯಸ್ಸಲ್ಲಿ ಡಚ್ ಆಗಿ ಏನ್ ಮಾಡ್ತೀಯೇ? ಮರದ ಚಪ್ಪಲಿ ಹಾಕ್ಕೊಂಡು ಬಸ್ ಓಡಿಸ್ತೀಯಾ?"

ಅಮ್ಮನ ಟಾಯ್ಲೆಟ್ಟಿನ ಗೋಡೆಯ ಹುಟ್ಟುಹಬ್ಬದ ಕ್ಯಾಲೆಂಡರ್ ತಿರುವಿದೆವು. ಎಲ್ಲ ಡಚ್ಚರ ಮನೆಯಲ್ಲೂ ಇರುವಂಥದ್ದೇ. ವಾರವಿಲ್ಲ, ಇಸವಿಯಿಲ್ಲ, ಬರೀ ತಾರೀಖು, ಹೆಸರು. ಮಾರ್ಚ್ 14ರ ಎದುರು ಅಮ್ಮನ ಅಕ್ಷರ: "ಆಸ್ಟ್ರೇಲಿಯನ್ ಆದೆ."

ಯಾವ ಮಾರ್ಚ್? ಮದುವೆಯಾದ ಮರುವರ್ಷ ಎನ್ನುತ್ತಿದ್ದ ಅಪ್ಪ. ಮದುವೆ 1960ರಲ್ಲಿ. ಅಂದರೆ 1961. ನಾನು ಹುಟ್ಟಿದ್ದು ಅದೇ ವರ್ಷ ನವೆಂಬರ್ 9ಕ್ಕೆ. ಅಷ್ಟರಲ್ಲಿ ಅಮ್ಮ ಡಚ್ ಆಗಿ ಉಳಿದಿರಲಿಲ್ಲ, ನಾನು ಎಂಟು ತಿಂಗಳು ತಡ. "ಹೋಯ್ತು ಬಿಡು," ಎಂದ ಕೆನ್.

ಹೇಗೆ ಬಿಡಲಿ? ಅಪ್ಪ ಇಲ್ಲಿಯವನು, ಆಸ್ಟ್ರೇಲಿಯದವನು. ಮಕ್ಕಳು ಇಲ್ಲಿಯವರು. ಅಪ್ಪನ ಜೊತೆ ಜಗಳವಾದಾಗೆಲ್ಲ ಅಮ್ಮ ಪಾತ್ರೆ ತೊಳೆಯುತ್ತಾ, "ಈ ಮನೇಲಿ ನನ್ನ ಕಡೆಯವರು ಅಂತ ಒಬ್ಬರೂ ಇಲ್ಲ," ಎನ್ನುತ್ತಿದ್ದಳು. ಅವಳು ಬದುಕಿರುವಾಗಲೇ ಅವಳ ಕಡೆ ಒಬ್ಬಳಾದರೂ ಆಗಬೇಕು. ಅಷ್ಟೇ ನನ್ನ ಆಸೆ. ಕ್ಯಾನ್‌ಬೆರಾದ ದಾಖಲೆ ಕಚೇರಿಗೆ ಬರೆದೇ ಬಿಟ್ಟೆ.

ಏಪ್ರಿಲ್ 22, ಸೋಮವಾರ, ಮಧ್ಯಾಹ್ನ

ಪತ್ರ ಬಂತು. ಅಂಚೆಪೆಟ್ಟಿಗೆಯ ಹತ್ತಿರವೇ ಹರಿದು ಓದಿದೆ.

14 ಮಾರ್ಚ್ 1962.

ಮೂರು ಸಲ ಓದಿದೆ. ಅರವತ್ತೆರಡು! ನಾನು ಹುಟ್ಟಿ ನಾಲ್ಕು ತಿಂಗಳಾದ ಮೇಲೆ! ಅಪ್ಪನ ಲೆಕ್ಕ ತಪ್ಪು, ಕ್ಯಾಲೆಂಡರ್ ನೋಡಿ ನಾವು ಹಾಕಿದ ಲೆಕ್ಕವೂ ತಪ್ಪು. ಜೊತೆಗೆ ಇನ್ನೊಂದು ಹಾಳೆ: 1961ರ ಅಕ್ಟೋಬರಿನಲ್ಲಿ ಟೌನ್ ಹಾಲಿನ ಪೌರತ್ವ ಪ್ರಮಾಣ ಸಮಾರಂಭಕ್ಕೆ ಕರೆ, "ಹಾಜರಾಗಲಿಲ್ಲ" ಎಂಬ ಮುದ್ರೆ.

ಸಂಜೆ

ಹಾಳೆ ಅಮ್ಮನ ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ಓದಿದಳು. ಆಮೇಲೆ—

"ನಿನ್ನಪ್ಪ ಹೊಸ ಕೋಟು ಹೊಲಿಸಿದ್ದ, ಟೌನ್ ಹಾಲಿಗೆ ಹೋಗೋಕೆ. ನೀನು ಹೊಟ್ಟೇಲಿ. ಬೆಳಿಗ್ಗೆ ಎದ್ದು ಹೊಟ್ಟೆನೋವು ಅಂತ ಮಲಗಿಬಿಟ್ಟೆ. ಸುಳ್ಳು."

"ಯಾಕಮ್ಮ?"

"ಹೆರೋವಾಗ ನಾನು ಡಚ್ ಆಗಿದ್ರೆ ನೀನೂ ಡಚ್ ಅಂದ್ಕೊಂಡಿದ್ದೆ. ನಿನಗೆ ಆರು ವಾರ ತುಂಬಿದ ಮೇಲೆ ಎತ್ಕೊಂಡು ಈ ದ್ವೀಪದಿಂದ ಹಡಗು ಹತ್ತಿದೆ. ಮೆಲ್ಬರ್ನಿಗೆ, ಕಾನ್ಸುಲೇಟಲ್ಲಿ ನಿನ್ನ ಹೆಸರು ಬರೆಸೋಕೆ. ಅಲ್ಲಿದ್ದ ಮನುಷ್ಯ ನಕ್ಕುಬಿಟ್ಟ ಕಣೇ. 'ಮಗು ಅಪ್ಪನದು ತಾಯೀ, ಕಾನೂನೇ ಹಾಗೆ, ಮನೆಗೆ ಹೋಗಿ' ಅಂದ. ನಾಚಿಕೆ ಆಯ್ತು. ಯಾರಿಗೂ ಹೇಳಲಿಲ್ಲ. ಮಾರ್ಚಲ್ಲಿ ಹೋಗಿ ಪ್ರಮಾಣ ಮಾಡಿ ಬಂದೆ."

"ಅಮ್ಮ, ಕಾನೂನು ಈಗ ನಿನ್ನ ಮಾತೇ ಹೇಳ್ತಿದೆ. ನೀನು ಅವತ್ತು ಟೌನ್ ಹಾಲಿಗೆ ಹೋಗಿದ್ರೆ ನನಗೆ ಸಿಗ್ತಾನೇ ಇರ್ಲಿಲ್ಲ."

ಅವಳಿಗೆ ಅರ್ಥವಾಗಲು ಒಂದು ನಿಮಿಷ ಬೇಕಾಯಿತು. "ಹಾಗಾದ್ರೆ ನಾನು ಅವತ್ತು ಪೆದ್ದಿ ಆಗಿರ್ಲಿಲ್ಲ, ಅಲ್ವಾ?"

ಇಪ್ಪತ್ತೆಂಟರ ಹುಡುಗಿ, ಭಾಷೆ ಅರ್ಧಂಬರ್ಧ, ಕಾನೂನಿನಲ್ಲಿ ಇಲ್ಲದ್ದನ್ನು ಇದೆ ಎಂದು ನಂಬಿ ಹಟ ಹಿಡಿದಳು. ಅವಳಿದ್ದಲ್ಲಿಗೆ ಬರಲು ಕಾನೂನಿಗೆ ಸುಮಾರು ಐವತ್ತು ವರ್ಷ ಹಿಡಿಯಿತು. ಇಂಥವಳ ಎದುರು ಇಷ್ಟು ವರ್ಷ ಕೂತು, ಬಿಸ್ಕತ್ತಿಗೆ ಜಿಪುಣಿ ಎಂದು ನಗುತ್ತಿದ್ದೆನಲ್ಲ!

ಏ. 23

ಕೆನ್‌ಗೆ ಫೋನ್. ಅವನು ಹುಟ್ಟಿದ್ದು 64ರಲ್ಲಿ, ಅವನಿಗೆ ಸಿಗುವುದಿಲ್ಲ. ಎರಡು ಸಲ ಕೇಳಿ ಖಚಿತ ಮಾಡಿಕೊಂಡ. ಆಮೇಲೆ, "ಪ್ರಮಾಣಕ್ಕೆ ಮೆಲ್ಬರ್ನ್ ಕಾನ್ಸುಲೇಟಿಗೇ ಹೋಗ್ಬೇಕಲ್ಲ, ಟಿಕೆಟ್ ನಾನು ತೆಗೀತೀನಿ. ಮುದುಕಿನೂ ಕರ್ಕೊಂಡು ಹೋಗು," ಎಂದ.

ಅಕ್ಟೋಬರ್ 7, ಸೋಮವಾರ

ಡಚ್ ಪೌರತ್ವಕ್ಕೆ ಒಪ್ಪಿಗೆ ಬಂತು. ಪ್ರಮಾಣವಚನ ಮಾಡಿದ ಮೇಲೇ ಪೂರ್ತಿ. ವಿಮಾನ ಬೇಡ ಎಂದಳು ಅಮ್ಮ. "ಅವತ್ತು ಹಡಗಲ್ಲೇ ಹೋಗಿದ್ದು, ಹಡಗಲ್ಲೇ ಹೋಗೋಣ."

ನವೆಂಬರ್ 21, ಗುರುವಾರ. ಮೆಲ್ಬರ್ನ್, ಹೋಟೆಲ್ ರೂಮು

ಬರೆದಿಡಬೇಕು.

ಕಾನ್ಸುಲೇಟಿನಲ್ಲಿ ಚಿಕ್ಕ ಕೋಣೆ, ಒಂದು ಬಾವುಟ, ಒಬ್ಬಳು ಅಧಿಕಾರಿ, ಮೂವತ್ತೂ ಆಗಿರಲಾರದು. ಬಲಗೈ ಎತ್ತಿದೆ. ಡಚ್ಚಿನಲ್ಲಿ ನಾಲ್ಕು ಮಾತು, ತಿಂಗಳಿಡೀ ಬಸ್ಸಿನಲ್ಲಿ ಉರುಹೊಡೆದದ್ದು. ಆದರೂ ತೊದಲಿದೆ. ಕಾಗದ ಕೈಗೆ ಬಂತು. ಮುಗಿಯಿತು ಎಂದುಕೊಂಡೆ.

ಅಮ್ಮ ಕೂತಲ್ಲಿಂದಲೇ ಚೀಲ ಬಿಚ್ಚಿದಳು. ಗುಂಡನೆಯ ರಸ್ಕ್, ಬೆಣ್ಣೆ ಡಬ್ಬಿ, ಒಂದು ಚಾಕು, ಸಕ್ಕರೆ ಕವಚದ ಗುಲಾಬಿ ಸೋಂಪಿನ ಪೊಟ್ಟಣ. ಅಯ್ಯೋ ದೇವರೇ. ನಮ್ಮ ಡಚ್ಚರಲ್ಲಿ ಮಗು ಹುಟ್ಟಿದ ಮನೆಯಲ್ಲಿ ಕೊಡುವುದು ಅದು. ಗಂಡಾದರೆ ನೀಲಿ, ಹೆಣ್ಣಾದರೆ ಗುಲಾಬಿ.

ಸರ್ಕಾರಿ ಮೇಜಿನ ಮೇಲೆ ನಿಧಾನವಾಗಿ ಬೆಣ್ಣೆ ಸವರಿದಳು, ಸೋಂಪು ಉದುರಿಸಿದಳು, ಮೊದಲನೆಯದನ್ನು ಆ ಹುಡುಗಿಗೇ ಚಾಚಿದಳು.

"ಯಾರ ಮಗು ಅಮ್ಮಾ?" ಎಂದಳು ಅವಳು.

ಅಮ್ಮ ಚಾಕುವಿನಿಂದಲೇ ನನ್ನ ಕಡೆ ತೋರಿಸಿದಳು. "ನನ್ನದು. ಹೆಣ್ಣು."

ಹುಡುಗಿ ನಗಲಿಲ್ಲ. ಪೆನ್ನು ಕೆಳಗಿಟ್ಟಳು. ಎದ್ದು ಮೇಜು ಸುತ್ತಿ ಬಂದು, ಅಮ್ಮನ ಕೈ ಹಿಡಿದು, ಆಗತಾನೇ ಹೆತ್ತವಳಿಗೆ ಹೇಳುವ ಹಾಗೆ ಅಭಿನಂದನೆ ಹೇಳಿದಳು. ಅಮ್ಮ ಅವಳ ಕೈಗೆ ಇನ್ನೊಂದು ರಸ್ಕ್ ಇಟ್ಟಳು, ಡಬ್ಬಿ ಮುಚ್ಚಲೇ ಇಲ್ಲ.