ಎರೆಮಣ್ಣಿನ ಮನೆಗಳಿಗೆ ಬೇರೆ ನಿಯಮ

ಗದ್ದೆಬಯಲು ಬಡಾವಣೆ, ಹೊಸಕಟ್ಟೆ
ಹುಣಸೂರು ತಾಲ್ಲೂಕು
ಮಂಗಳವಾರ, 16 ಸೆಪ್ಟೆಂಬರ್ 2025

ನನ್ನ ಮುದ್ದು ಸೌಂದರ್ಯಾ,

ನೀನು ಕಲಬುರಗಿಯಲ್ಲಿ ಬೆಳಗಿನ ಪರೇಡು ಮುಗಿಸಿ ಬೆವರು ಒರೆಸಿಕೊಳ್ಳುವ ಹೊತ್ತಿಗೆ ಈ ಕಾಗದ ನಿನ್ನ ಕೈಗೆ ಸಿಗಲಿ ಎಂದು ಹಾರೈಸುತ್ತಾ ಬರೆಯುತ್ತಿದ್ದೇನೆ. ಭಾನುವಾರ ನಿಮ್ಮ ಪೊಲೀಸ್ ತರಬೇತಿ ಶಾಲೆಯವರು ಫೋನ್ ಕೈಗೆ ಕೊಡುವುದೇ ಸ್ವಲ್ಪ ಹೊತ್ತು. ಊಟ ಸೇರುತ್ತಾ, ಬೂಟು ಕಚ್ಚಿದ ಗಾಯ ಒಣಗಿತಾ ಎಂದು ಕೇಳುವುದರಲ್ಲೇ ಅದು ಮುಗಿದುಹೋಗುತ್ತದೆ. ಮೊನ್ನೆ ನೀನು "ಅಮ್ಮ, ಪಂಚಾಯ್ತಿ ಮೀಟಿಂಗಲ್ಲಿ ಗಲಾಟೆ ಮಾಡ್ದೆಯಂತೆ?" ಎಂದು ಕೇಳಿದೆ. ಉತ್ತರ ಹೇಳುವಷ್ಟರಲ್ಲಿ ಲೈನು ಹೋಯಿತು. ಗಲಾಟೆಯಲ್ಲ ಕಣೇ. ಯಾರು ಹೇಳಿದರೋ ಅವರಿಗೆ ಸರಿಯಾಗಿ ಗೊತ್ತಿಲ್ಲ. ನಿನಗೆ ಗೊತ್ತಿರಲಿ ಎಂದೇ ಎಲ್ಲವನ್ನೂ ಬರೆಯುತ್ತಿದ್ದೇನೆ.

ನಮ್ಮ ವಾರ್ಡು ಮಹಿಳೆಯರಿಗೆ ಮೀಸಲಾದಾಗ ನಿಮ್ಮಪ್ಪನ ಬದಲು ನನ್ನನ್ನು ನಿಲ್ಲಿಸಿದರಲ್ಲ, ಅಂದಿನಿಂದ ಪಟ್ಟಣ ಪಂಚಾಯಿತಿಯ ಸಭೆ ಹೇಗೆ ನಡೆಯುತ್ತಿತ್ತು ಎಂಬುದು ನಿನಗೆ ಗೊತ್ತೇ ಇದೆ. ಕುರ್ಚಿಯಲ್ಲಿ ನಾನು, ಹಿಂದಿನ ಬೆಂಚಿನಲ್ಲಿ ನಿಮ್ಮಪ್ಪ. ಸಹಿ ನನ್ನದು, ಮಾತು ಅವರದು. ಊರಿನವರು ಅವರನ್ನು "ಮೆಂಬರ್ರು" ಎನ್ನುತ್ತಾರೆ, ನನ್ನನ್ನು "ಮೆಂಬರ್ರ ಮನೆಯವರು" ಎನ್ನುತ್ತಾರೆ. ಇದನ್ನು ಹೇಳಿ ಹೇಳಿ ನಗುತ್ತಿದ್ದವಳು ನೀನೇ.

ಹೋದ ಮಳೆಗಾಲ ನಮ್ಮ ಬೀದಿಯಲ್ಲಿ ಕಾಮಾಲೆ ಬಂದದ್ದು ನೆನಪಿರಬೇಕು. ಪಕ್ಕದ ಮನೆ ದೊಡ್ಡಮ್ಮನ ಮೊಮ್ಮಗಳು ಪುಷ್ಪಾಳನ್ನು ಮೈಸೂರಿನ ಆಸ್ಪತ್ರೆಗೆ ಸೇರಿಸಿದಾಗ ಆ ಹುಡುಗಿಯ ಕಣ್ಣು ಅರಿಶಿನದ ಬಣ್ಣಕ್ಕೆ ತಿರುಗಿತ್ತು. ದೊಡ್ಡಮ್ಮನ ಮನೆಯ ಬಚ್ಚಲ ಗೋಡೆಯ ಹತ್ತಿರ ಕಕ್ಕಸಿನ ಪೈಪೂ ಒಡೆದಿತ್ತು, ಅದರ ಪಕ್ಕದಲ್ಲೇ ಹೋಗುವ ಕುಡಿಯುವ ನೀರಿನ ಪೈಪೂ ಒಡೆದಿತ್ತು. ಆ ಕೊಳೆಯೇ ಈ ನೀರಿಗೆ ಸೇರಿ ಬೀದಿಗೆಲ್ಲ ಹೋಯಿತು. ರಿಪೇರಿಗೆ ಬಂದವರು ಇನ್ನಷ್ಟು ಸಿಮೆಂಟು ಮೆತ್ತಿ ಹೋದರು. ಅದು ಮತ್ತೆ ಒಡೆಯಿತು. ನಮ್ಮ ಗದ್ದೆಬಯಲಿನಲ್ಲಿ ಪೈಪು ಒಡೆಯದ ಮನೆಯೇ ಇಲ್ಲ ಎನ್ನಬಹುದು. ಮೇಲೆ ದಿಣ್ಣೆಯ ಬೀದಿಗಳಲ್ಲಿ ಮಾತ್ರ ಅದೇ ಪೈಪು, ಅದೇ ಸಿಮೆಂಟು, ಒಂದೂ ಒಡೆದಿಲ್ಲ. "ಗದ್ದೇಲಿ ಮನೆ ಕಟ್ಕೊಂಡು ಪಂಚಾಯ್ತಿನ ಬೈದ್ರೆ ಆಯ್ತದಾ?" ಎಂದು ಅಲ್ಲಿಯವರು ನಮ್ಮನ್ನೇ ಅಂದರು.

ನೀನು ಹೊರಟ ಮೇಲೆ, ಮಾರ್ಚಿನಲ್ಲಿ, ಪಂಚಾಯಿತಿಗೆ ಹೊಸ ಇಂಜಿನಿಯರ್ ಬಂದರು. ಹೆಸರು ಮಂಗಳಗೌರಿ, ಎಚ್.ಡಿ. ಕೋಟೆಯ ಕಡೆಯವರು. ನಿನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವರಿರಬಹುದು. ಬಂದ ಮೊದಲ ವಾರವೇ ದೊಡ್ಡಮ್ಮನ ಬಚ್ಚಲ ಗೋಡೆಯ ಪಕ್ಕ ಗುಂಡಿ ತೋಡಿಸಿದರು. ನಾನೂ ಹೋಗಿ ನಿಂತೆ. ಬಿಸಿಲಿಗೆ ನೆಲ ಬಾಯಿ ಬಿಟ್ಟಿತ್ತು. "ಕೈ ಹಾಕಿ ನೋಡಿ ಮೇಡಂ" ಎಂದರು. ಬಿರುಕಿನೊಳಗೆ ನನ್ನ ಕೈ ಮೊಣಕೈಯವರೆಗೆ ಹೋಯಿತು, ತಳ ಸಿಗಲಿಲ್ಲ. ಪೈಪು ಗೋಡೆಯ ಅಂಚಿಗೆ ಸರಿಯಾಗಿ, ಕಬ್ಬಿನ ಜಲ್ಲೆ ಮುರಿದ ಹಾಗೆ ಮುರಿದಿತ್ತು.

"ಈ ಎರೆಮಣ್ಣು ಬೇಸ್ಗೇಲಿ ಕುಗ್ಗುತ್ತೆ, ಮಳೆಗೆ ಉಬ್ಬುತ್ತೆ. ಮನೆ ಗೋಡೆ ಮಾತ್ರ ನಿಂತಲ್ಲೇ ನಿಂತಿರುತ್ತೆ. ಮಣ್ಣಿನ ಜೊತೆ ಪೈಪೂ ಚೂರು ಅಲ್ಲಾಡ್ಬೇಕು. ನಾವು ಸಿಮೆಂಟ್ ತುಂಬಿ ಅದರ ಕುತ್ತಿಗೆ ಹಿಡ್ಕೊಂಡಿದೀವಿ" ಎಂದರು ಮಂಗಳಗೌರಿ.

"ಹಂಗ್ಯಾಕೆ ಮಾಡ್ತಾರೆ ಪ್ಲಂಬರ್‌ಗಳು?" ಎಂದು ಕೇಳಿದೆ.

"ಅವರದ್ದೇನೂ ತಪ್ಪಿಲ್ಲ ಮೇಡಂ. ನಮ್ಮ ಬೈಲಾದಲ್ಲೇ ಹಂಗಿದೆ. ಪೈಪ್ ಗೋಡೆ ದಾಟೋ ಕಡೆ ಸಿಮೆಂಟಿಂದ ಭದ್ರವಾಗಿ ತುಂಬ್ಬೇಕು ಅಂತ. ಗಟ್ಟಿ ನೆಲಕ್ಕೆ ಅದೇ ಸರಿ. ಎರೆಮಣ್ಣಿಗೆ ಆಗಲ್ಲ."

ಅಂದರೆ ಇಡೀ ಊರಿಗೆ ಒಂದೇ ನಿಯಮ, ಊರಿನ ಮಣ್ಣು ಮಾತ್ರ ಎರಡು ಬಗೆ: ದಿಣ್ಣೆಯಲ್ಲಿ ಗಟ್ಟಿ ಕೆಮ್ಮಣ್ಣು, ನಮ್ಮಲ್ಲಿ ಎರೆಮಣ್ಣು. ನಿಯಮ ಬದಲಾಗಬೇಕಾದರೆ ಯಾರಾದರೊಬ್ಬ ಸದಸ್ಯರು ಸಭೆಯಲ್ಲಿ ವಿಷಯ ತರಬೇಕಂತೆ. "ನಾನು ಸಾರ್ ಹತ್ರ ಬಂದು ಮಾತಾಡ್ಲಾ?" ಎಂದು ಆಕೆ ಕೇಳಿದರು. ಸಾರ್ ಎಂದರೆ ನಿಮ್ಮಪ್ಪ. ನನ್ನ ಬಾಯಿಂದ ಅದು ಹೇಗೆ ಬಂತೋ ಗೊತ್ತಿಲ್ಲ, "ಸಾರು ಮೆಂಬರ್ರಲ್ಲ ಕಣಮ್ಮ, ನಾನು ಮೆಂಬರ್ರು" ಎಂದುಬಿಟ್ಟೆ. ಆಕೆ ನಕ್ಕರು. ನಾನೂ ನಕ್ಕೆ.

ಸಭೆಗೆ ಬರಿಗೈಯಲ್ಲಿ ಹೋದರೆ ಯಾರೂ ನಂಬುವುದಿಲ್ಲ, ಒಂದು ಮನೆಯಲ್ಲಿ ಮಾಡಿ ತೋರಿಸಬೇಕು ಎಂದರು ಮಂಗಳಗೌರಿ. ಯಾರು ತಮ್ಮ ಮನೆ ಗೋಡೆ ಒಡೆಯಲು ಬಿಡುತ್ತಾರೆ? ನಾನು ಬಿಟ್ಟೆ. ನಿಮ್ಮಪ್ಪ ಮಿರ್ಲೆಗೆ ಒಂದು ಮದುವೆಗೆಂದು ಹೋಗಿದ್ದರು. ಅವರು ಬರುವಷ್ಟರಲ್ಲಿ ನಮ್ಮ ಬಚ್ಚಲ ಗೋಡೆಯಲ್ಲಿ ಪೈಪಿಗಿಂತ ದೊಡ್ಡದಾದ ತೂತು ಮಾಡಿ, ಸುತ್ತ ಉಳಿದ ಸಂದಿಗೆ ಡಾಂಬರು ಸವರಿದ ಹಗ್ಗ ತುಂಬಿದ್ದಾಗಿತ್ತು. ಹೊರಗೆ ಪೈಪಿನ ಸುತ್ತಲಿನ ಎರೆಮಣ್ಣು ತೆಗೆದು ಮರಳು ಹಾಕಿದ್ದಾಗಿತ್ತು. ಜೋಡಣೆಯಲ್ಲಿ ಅಂಟು ಹಾಕಲಿಲ್ಲ, ಸ್ವಲ್ಪ ಜರುಗಲು ಬಿಡುವ ರಬ್ಬರ್ ರಿಂಗ್ ಹಾಕಿದರು. ತಾರಸಿಯ ಮೇಲಿನ ನೀರಿನ ಟ್ಯಾಂಕಿಗೆ ಕಬ್ಬಿಣದ ಪಟ್ಟಿ ಬಿಗಿದು, ಅದರಿಂದ ಇಳಿಯುವ ಪೈಪಿಗೆ ಬಾಗುವಂಥ ಒಂದು ತುಂಡು ಸೇರಿಸಿದರು.

"ಟ್ಯಾಂಕ್‌ಗ್ಯಾಕೆ ಬೇಡಿ ಹಾಕ್ತೀರಾ?" ಎಂದು ಕೇಳಿದ್ದಕ್ಕೆ, "ಕೊಡಗಿನ ಕಡೆ ನೆಲ ಅದುರೋದು ಉಂಟು ಮೇಡಂ, ಅದು ನಮಗೇನು ದೂರನಾ?" ಎಂದರು. ಆಗ ನಾನೂ ಒಳಗೊಳಗೇ ನಕ್ಕಿದ್ದೆ.

ನಿಮ್ಮಪ್ಪ ಬಂದವರೇ ಬಚ್ಚಲ ಗೋಡೆ ನೋಡಿ, "ಹೆಗ್ಗಣಕ್ಕೆ ಬಾಗ್ಲು ಮಾಡ್ಕೊಟ್ಟಿದೀಯಲ್ಲ ನೀಲಾ" ಎಂದರು. ಇಪ್ಪತ್ತು ವರ್ಷದಿಂದ ಹಾರ್ಡ್‌ವೇರ್ ಅಂಗಡಿ ಇಟ್ಟು ಸಿಮೆಂಟು ಮಾರಿದವರಿಗೆ ಸಿಮೆಂಟಿಲ್ಲದ ಗೋಡೆ ಕಂಡರೆ ಹೇಗಾಗಬೇಡ! ಅದೇ ವಾರ ದೊಡ್ಡಮ್ಮನ ಮನೆಯ ಪೈಪನ್ನು ಪಂಚಾಯಿತಿಯವರು ಹಳೆಯ ನಿಯಮದಂತೆಯೇ ಸಿಮೆಂಟು ತುಂಬಿ ಸರಿ ಮಾಡಿದರು. ಒಂದೇ ಕಾಂಪೌಂಡು, ಒಂದೇ ಮಣ್ಣು, ಎರಡು ಬಗೆಯ ಕೆಲಸ.

ಜೂನಿನಲ್ಲಿ ಮೊದಲ ಜೋರು ಮಳೆ ಬಂದು ಹೋಗಿ ನಾಲ್ಕು ದಿನವಾದ ಮೇಲೆ ದೊಡ್ಡಮ್ಮ ಗೋಡೆಯಾಚೆಯಿಂದ ಕೂಗಿದಳು: "ನೀಲವ್ವೋ, ಮತ್ತೆ ಒಡ್ಕಂತು ಕಣವ್ವ! ಈ ಮಣ್ಣಿಗೆ ನನ್ ಮನೆನೇ ಬೇಕಾ?" ನಾನು ಸೆರಗು ಸಿಕ್ಕಿಸಿಕೊಂಡು ನಮ್ಮ ಗೋಡೆಯ ಹತ್ತಿರ ಮೊಣಕಾಲೂರಿ ಬಗ್ಗಿ ನೋಡಿದೆ. ಮರಳು ಒಣಗಿತ್ತು. ಒಂದು ಹನಿ ಸೋರಿರಲಿಲ್ಲ. ಆ ಖುಷಿ ಏನೆಂದು ಹೇಳಲಿ! ದೊಡ್ಡಮ್ಮನ ಮನೆ ಪೈಪು ಒಡೆದಿರುವಾಗ ಖುಷಿಪಡುವುದು ತರವಲ್ಲ ಎಂದು ಮುಖ ತೊಳೆದುಕೊಂಡು ಅವಳ ಮನೆಗೆ ಬಕೆಟ್ ನೀರು ಕೊಂಡುಹೋದೆ.

ಮುಂದಿನ ವಾರ ಬೆಳಿಗ್ಗೆ ರೊಟ್ಟಿ ತಟ್ಟುತ್ತಿದ್ದೆ. ಕಾಲ ಕೆಳಗೆ ದೊಡ್ಡ ಲಾರಿ ಹೋದ ಹಾಗಾಯಿತು. ಗೂಡಿನ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ಹಂಚು ಒಲೆಯ ಮೇಲೆ ತಾನೇ ಜರುಗಿತು. ಏನೆಂದು ತಿಳಿಯುವಷ್ಟರಲ್ಲಿ ನಿಂತೂ ಹೋಯಿತು. ನಿನಗೆ ಆ ಭಾನುವಾರ ಫೋನಿನಲ್ಲಿ "ಚೂರು ನೆಲ ಅದುರಿತು, ಏನೂ ಆಗಿಲ್ಲ" ಎಂದೆನಲ್ಲ, ಅದು ನಿಜ. ಒಂದು ಗೋಡೆಯೂ ಬಿದ್ದಿಲ್ಲ, ಯಾರಿಗೂ ಪೆಟ್ಟಾಗಿಲ್ಲ. ಹೇಳದೆ ಬಿಟ್ಟದ್ದು ಇಷ್ಟು: ತಾರಸಿಗಳ ಮೇಲಿನ ಟ್ಯಾಂಕುಗಳು ಬೆರಳಗಲ ಜರುಗಿ, ನೆಟ್ಟಗೆ ಇಳಿದಿದ್ದ ಪೈಪುಗಳು ಪಟಪಟನೆ ಮುರಿದು, ಬೀದಿಗೆ ಬೀದಿಯೇ ನೆನೆದುಹೋಯಿತು. ದಿಣ್ಣೆಯ ಮೇಲೂ ಮುರಿದವು. ನಿಮ್ಮಪ್ಪ ತಾರಸಿಗೆ ಹತ್ತಿ ನಮ್ಮ ಟ್ಯಾಂಕನ್ನು ಕೈಯಿಂದ ತಳ್ಳಿ ನೋಡಿ ಇಳಿದು ಬಂದರು. ಅದು ಕದಲಿರಲಿಲ್ಲ, ಪೈಪೂ ಮುರಿದಿರಲಿಲ್ಲ. ಕಾಫಿ ಕೇಳಿ ಕುಡಿದರು.

ಇನ್ನು ಸಭೆಯ ವಿಷಯ. ಆಗಸ್ಟಿನಲ್ಲಿ ಮಂಗಳಗೌರಿ ಬರೆದ ತಿದ್ದುಪಡಿಯನ್ನು ನನ್ನ ಹೆಸರಿನಲ್ಲಿ ಇಟ್ಟರು. ಓದಿ ಮುಗಿಸುವ ಮೊದಲೇ ದಿಣ್ಣೆ ವಾರ್ಡಿನ ವೀರಭದ್ರಸ್ವಾಮಿ ಎದ್ದರು. "ಇದೇನ್ ಜಪಾನಾ? ಒಂದ್ಸಲ ಪಾತ್ರೆ ಅಲ್ಲಾಡಿದ್ದಕ್ಕೆ ಊರ್ನೋರ್ಗೆಲ್ಲ ಖರ್ಚು ಹಾಕ್ತೀರಾ?" ಎಂದರು. ಒಂದಿಬ್ಬರು ನಕ್ಕರು. ಆಗ ನನ್ನ ಹಿಂದಿನಿಂದ ನಿಮ್ಮಪ್ಪನ ದನಿ ಬಂತು: "ಅಧ್ಯಕ್ಷರೇ, ಇದನ್ನ ಮುಂದಿನ ಸಭೆಗೆ ಇಟ್ಕೊಳ್ಳಿ. ನಮ್ಮನೆಯವರ ಅಭಿಪ್ರಾಯನೂ ಅದೇ."

ನಾನು ಎದ್ದೆ. ಸೆರಗು ಕುರ್ಚಿಯ ಕೈಗೆ ಸಿಕ್ಕಿಕೊಂಡು ಕುರ್ಚಿಯೂ ನನ್ನ ಜೊತೆ ಎದ್ದಿತು. ಬಿಡಿಸಿಕೊಂಡು ಹೇಳಿದೆ: "ಅಧ್ಯಕ್ಷರೇ, ನನ್ನ ಅಭಿಪ್ರಾಯ ಅದಲ್ಲ. ಏನು ಅಂತ ನಾನೇ ಹೇಳ್ತೀನಿ."

ಸಭೆಯಲ್ಲಿ ನನ್ನ ದನಿ ನಾನೇ ಕೇಳಿದ್ದು ಅದೇ ಮೊದಲು. ಪುಷ್ಪಾಳ ಕಣ್ಣಿನ ಬಣ್ಣ ಹೇಳಿದೆ. ಬಿರುಕಿನಲ್ಲಿ ನನ್ನ ಕೈ ಹೋದದ್ದು ಹೇಳಿದೆ. ನಮ್ಮ ಗೋಡೆ, ದೊಡ್ಡಮ್ಮನ ಗೋಡೆ ಎರಡನ್ನೂ ಬಂದು ನೋಡಿ ಎಂದೆ.

ಆಗ ವೀರಭದ್ರಸ್ವಾಮಿ ಒಂದು ಮಾತು ಎಸೆದರು. "ಎಲ್ಲ ಸರಿ ಕಣಮ್ಮ. ಈ ರಬ್ಬರ್ ರಿಂಗು, ಪಟ್ಟಿ ಎಲ್ಲ ಮಾರೋರು ಯಾರು? ನಂಜುಂಡೇಶಣ್ಣನ ಅಂಗಡಿ ತಾನೆ?"

ಎಲ್ಲರೂ ನಿಮ್ಮಪ್ಪನ ಮುಖ ನೋಡಿದರು. ನಾನು ನೋಡಲಿಲ್ಲ. ನೋಡಿದ್ದರೆ ಬಾಯಿ ಕಟ್ಟಿಹೋಗುತ್ತಿತ್ತು. "ಈ ನಿಯಮಕ್ಕೆ ಬೇಕಾದ ಒಂದು ರಿಂಗೂ, ಒಂದು ಪಟ್ಟಿಯೂ ನಮ್ಮ ಅಂಗಡೀಲಿ ಮಾರಲ್ಲ. ನಡಾವಳಿಯಲ್ಲಿ ಬರ್ಕೊಳ್ಳಿ" ಎಂದೆ. ಆಮೇಲೆ ಸ್ವಾಮಿಯವರ ಕಡೆ ತಿರುಗಿ, "ಇನ್ನು ನಿಮ್ಮ ಕೆಮ್ಮಣ್ಣಿನ ಬೀದಿಗಳಿಗೆ ಗೋಡೆ, ನೆಲದ ಕೆಲಸಕ್ಕೆ ಹಳೇ ನಿಯಮನೇ. ಟ್ಯಾಂಕಿನ ಪಟ್ಟಿ, ಬಾಗೋ ಪೈಪು ಮಾತ್ರ ಎಲ್ರಿಗೂ. ಎರಡನೇ ಪುಟ ಓದಿ ಸ್ವಾಮಿ" ಎಂದೆ.

ಅವರು ಕನ್ನಡಕ ಹಾಕಿಕೊಂಡು ಓದಿದರು. ಕೆಟ್ಟ ಮನುಷ್ಯರಲ್ಲ ಅವರು. ಓದಿ, "ಯಾವ್ ಸೈಟು ಎರೆಮಣ್ಣು, ಯಾವ್ದು ಕೆಮ್ಮಣ್ಣು ಅಂತ ನೋಡೋರು ಯಾರು? ಆಮೇಲೆ ಅದಕ್ಕೇ ಜಗಳ ಆಯ್ತದೆ" ಎಂದರು. ಒಳ್ಳೆಯ ಪ್ರಶ್ನೆ. ಮನೆಗೆ ಪರವಾನಗಿ ಕೊಡುವ ಮೊದಲು ಅಲ್ಲೇ ಗುಂಡಿ ತೋಡಿ ಮಣ್ಣು ನೋಡಬೇಕು ಎಂದು ಮಂಗಳಗೌರಿ ಅಲ್ಲಿಯೇ ಒಂದು ಸಾಲು ಸೇರಿಸಿದರು. "ಹಂಗಾದ್ರೆ ನಂದೇನೂ ಅಡ್ಡಿಯಿಲ್ಲ" ಎಂದು ಮೊದಲು ಕೈ ಎತ್ತಿದವರೂ ಸ್ವಾಮಿಯವರೇ. ತಿದ್ದುಪಡಿ ಪಾಸಾಯಿತು.

ನಿಮ್ಮಪ್ಪನ ಸ್ಕೂಟರಿನಲ್ಲೇ ಮನೆಗೆ ಬಂದೆವು. ಊಟಕ್ಕೆ ಕೂತಾಗ, "ಅಂಗಡಿ ವಿಷ್ಯ ಒಂದ್ ಮಾತು ಕೇಳ್ಬೋದಿತ್ತು" ಎಂದರು.

"ಕೇಳಿದ್ರೆ ಬೇಡ ಅಂತಿದ್ರಿ" ಎಂದೆ.

ಅನ್ನ ಕಲೆಸುತ್ತಾ, "ಹೂಂ, ಅಂತಿದ್ದೆ" ಎಂದರು. ಅಷ್ಟೇ. ಕೆಲವು ದಿನ ಮನೆಯಲ್ಲಿ ಟಿ.ವಿ. ಮಾತ್ರ ಮಾತಾಡಿತು. ಆಮೇಲೊಂದು ದಿನ ನಾನು ಅಂಗಡಿಗೆ ಬುತ್ತಿ ಕೊಂಡುಹೋದರೆ ಮುಂದೆಯೇ ದೊಡ್ಡ ಅಕ್ಷರದ ಬೋರ್ಡು: "ಹೊಸ ನಿಯಮದ ರಬ್ಬರ್ ರಿಂಗ್, ಟ್ಯಾಂಕ್ ಪಟ್ಟಿ ಇಲ್ಲಿ ಸಿಗುವುದಿಲ್ಲ." ಒಳಗೆ ಗಿರಾಕಿಯೊಬ್ಬರಿಗೆ ಹೇಳುತ್ತಿದ್ದರು: "ಇಲ್ಲ ಕಣ್ರೀ, ನಮ್ಮನೆಯವ್ರು ತಂದಿರೋ ರೂಲ್ಸು, ನಾವೇ ಮಾರಂಗಿಲ್ಲ. ಹುಣಸೂರ್ಗೋಗಿ." ಕಾಸು ಬಿಟ್ಟುಕೊಟ್ಟವರ ದನಿಯಾಗಿರಲಿಲ್ಲ ಅದು. ನಿನಗೆ ಆಯ್ಕೆಯ ಪತ್ರ ಬಂದ ದಿನ ಬೀದಿಯಲ್ಲಿ ಲಾಡು ಹಂಚುತ್ತಾ ಮಾತಾಡಿದ್ದರಲ್ಲ, ಆ ದನಿ.

ಹೋದ ವಾರ ಜಿಲ್ಲೆಯಿಂದ ಮಂಜೂರಾತಿ ಬಂತು. ಪಂಚಾಯಿತಿಯ ಫಲಕಕ್ಕೆ ಅಂಟಿಸಿದ್ದಾರೆ, ಕೆಳಗೆ "ಸೂಚಕರು: ಶ್ರೀಮತಿ ನೀಲಾಂಬಿಕೆ" ಎಂದಿದೆ. ಮೊದಲ ಕೆಲಸ ದೊಡ್ಡಮ್ಮನ ಮನೆಯದೇ. ಪುಷ್ಪಾ ಗುಂಡಿಯ ಪಕ್ಕ ನಿಂತು ಎಲ್ಲವನ್ನೂ ಫೋನಿನಲ್ಲಿ ವಿಡಿಯೊ ಮಾಡಿದಳು. ಹುಡುಗಿ ಈಗ ಮೈಕೈ ತುಂಬಿಕೊಂಡಿದ್ದಾಳೆ. ಪಿರಿಯಾಪಟ್ಟಣದ ಕಡೆಯ ಇಂಜಿನಿಯರೊಬ್ಬರು ಬಂದು ನಮ್ಮ ಗೋಡೆ ನೋಡಿ, ತಿದ್ದುಪಡಿಯ ನಕಲು ಕೇಳಿ ಪಡೆದುಕೊಂಡು ಹೋದರು. ಅಲ್ಲಿಯೂ ಎರೆಮಣ್ಣಿನ ಬೀದಿಗಳಿವೆಯಂತೆ. ಬಚ್ಚಲ ಗೋಡೆ ನೋಡಲು ಜನ ಬರುವ ಮನೆ ಈ ತಾಲ್ಲೂಕಿನಲ್ಲಿ ನಮ್ಮದೊಂದೇ ಇರಬೇಕು. ಅದಕ್ಕೇ ಈಗ ಬಚ್ಚಲನ್ನು ದಿನಾ ಉಜ್ಜುತ್ತಿದ್ದೇನೆ.

ಕೊಬ್ಬರಿ ಎಣ್ಣೆ ಬಿಸಿ ಮಾಡಿ ಹಿಮ್ಮಡಿಗೆ ಹಚ್ಚಿಕೋ. ರಜೆಗೆ ಬಂದಾಗ ನಿನ್ನ ಸಮವಸ್ತ್ರ ತರಬೇಕು, ದೊಡ್ಡಮ್ಮ ನೋಡಬೇಕಂತೆ.

ಎಂದೆಂದಿಗೂ ನಿನ್ನ ಒಳಿತು ಬಯಸುವ
ಅಮ್ಮ
ನೀಲಾಂಬಿಕೆ
ಸದಸ್ಯೆ, ಪಟ್ಟಣ ಪಂಚಾಯಿತಿ, ಹೊಸಕಟ್ಟೆ

ಮರೆತ ಮಾತು: ಮರೆತದ್ದಲ್ಲ, ಬರೆಯಲೋ ಬೇಡವೋ ಎಂದು ಲಕೋಟೆ ಅಂಟಿಸುವ ತನಕ ಯೋಚಿಸಿದೆ. ಮುಂದಿನ ಚುನಾವಣೆಗೆ ನಮ್ಮ ವಾರ್ಡು ಸಾಮಾನ್ಯ ಆಗುತ್ತದಂತೆ. ಹೆಂಗಸರೇ ನಿಲ್ಲಬೇಕೆಂದಿಲ್ಲ. ನಿನ್ನೆ ನಾಲ್ಕು ಜನ ಮನೆಗೆ ಬಂದಿದ್ದರು, "ಈ ಸಲ ನಂಜುಂಡೇಶಣ್ಣನೇ ನಿಲ್ಲಲಿ" ಎಂದು ಕೇಳಲು. ನಿಮ್ಮಪ್ಪ ಅಂಗಡಿಯಲ್ಲಿದ್ದರು. ನಾನೇ ಕಾಫಿ ಕೊಟ್ಟು, ನಿಲ್ಲುವವಳು ನಾನೇ ಎಂದು ಹೇಳಿ ಕಳಿಸಿದೆ. ನಿಮ್ಮಪ್ಪನಿಗೆ ಇನ್ನೂ ಹೇಳಿಲ್ಲ. ಭಾನುವಾರ ಫೋನಿನಲ್ಲಿ ನೀನು ಬಾಯಿ ಬಿಡಬೇಡ, ನಾನೇ ಹೇಳುತ್ತೇನೆ.