ಖಾಲಿ ಬಿಡುವಂತಿಲ್ಲದ ಕಾಲಂ

...ನಿನ್ನೆ ಬರೆದಿದ್ದೆನಲ್ಲ, ನಮ್ಮ ಮಗಳು ಧರ್ಮ ಬದಲಿಸುವ ನೋಟೀಸನ್ನು ತಾಲೂಕು ಕಚೇರಿಯ ಗೋಡೆಗೆ ಅಂಟಿಸಿದ್ದಾರೆ ಅಂತ. ಆಕ್ಷೇಪಣೆಗೆ ಇವತ್ತೇ ಕೊನೆಯ ದಿನ. ಹೋದೆ. ಫಾರಂ ಮೇಲೆ ‘ಐ ಸ್ಟ್ರಾಂಗ್ಲಿ ಅಬ್ಜೆಕ್ಟ್’ ಅಂತ ಬರೆದೆ. ಕಾಲೇಜಿನ ಇಂಗ್ಲಿಷು ಅಲ್ಲಿಗೇ ಮುಗಿಯಿತು.

“ನಿಮಗೇನು ತೊಂದರೆ ಆಗಿದೆ, ಅದನ್ನ ಬರೀರಿ ಯಜಮಾನ್ರೇ. ಈ ಕಾಲಂ ಖಾಲಿ ಬಿಡೋ ಹಾಗಿಲ್ಲ,” ಅಂದಳು ಗುಮಾಸ್ತೆ.

‘ನಾನು ನನ್ನ ದೇವರನ್ನ ಪ್ರಾರ್ಥಿಸಿದ್ರೆ ನಿಮಗೇನು ತೊಂದರೆ?’ ಅಂತ ನೀನೂ ಒಮ್ಮೆ ಕೇಳಿದ್ದೆ. ನಾನು ಪೇಪರಿನಿಂದ ತಲೆ ಎತ್ತಲಿಲ್ಲ. ಆಮೇಲೆ, ಸಾಯುವವರೆಗೂ, ನೀನು ಅಡುಗೆಮನೆಯ ಬಾಗಿಲು ಹಾಕಿಕೊಂಡೇ ಪ್ರಾರ್ಥಿಸಿದೆ.

ಫಾರಂ ಮಡಿಚಿ ಜೇಬಿಗಿಟ್ಟುಕೊಂಡೆ. ಹೊರಗೆ ಮಗಳು ನಿಂತಿದ್ದಳು.

“ಕೊಟ್ಟೇಬಿಟ್ರಾ ಅಪ್ಪಾ?”

“ತೊಂದರೆ ಯಾವುದೂ ನೆನಪಾಗಲಿಲ್ಲ ಕಣೇ.”

“ನಿಮಗಾ? ಉಪ್ಪು ಕಮ್ಮಿಯಾದ್ರೂ ಮನೆ ತಲೆ ಮೇಲೆ ಹೊತ್ಕೊಳ್ಳೋರು!”

ಈಗ ಅವಳು ನಿನ್ನ ಜಾಗದಲ್ಲೇ ಪ್ರಾರ್ಥಿಸುತ್ತಿದ್ದಾಳೆ. ಬಾಗಿಲು ತೆರೆದೇ ಇದೆ. ಬೆಳಕು ಇಳಿಯುತ್ತಿದೆ, ಬರೆಯುತ್ತಿರುವ ಅಕ್ಷರ ಕಾಣುತ್ತಿಲ್ಲ. ಅವಳದು ಮುಗಿಯಲಿ, ಆಮೇಲೆ ದೀಪ ಹಾಕುತ್ತೇನೆ.